ಏಳರ ಮೈ ಮೇಲೆ ಎಂಟು

ಆ ಅಂಗಡಿಯಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಗಿರಾಕಿಗಳಿಗೆ, ಪಕ್ಕದ ಬೀಗದಂಗಡಿಯವನಿಗೆ, ಕಡೆಗೆ ಕಟ್ಟಿಕೊಂಡ ಹೆಂಡತಿಗೂ ಅವನು ಭೂತಗನ್ನಡಿ. ಒಂದು ಕಣ್ಣಿಗೆ ಸದಾ ದಪ್ಪ ಮಸೂರ ಸಿಕ್ಕಿಸಿಕೊಂಡು ಕೂರುತ್ತಿದ್ದುದರಿಂದ ಅಂಟಿಕೊಂಡ ಹೆಸರು. ಸಿಟ್ಟು ಬಂದ ದಿನ ಹೆಂಡತಿ ಕನ್ನಡಿಯನ್ನು ಬಿಟ್ಟು ಮಿಕ್ಕದ್ದನ್ನಷ್ಟೇ ಕರೆಯುತ್ತಿದ್ದಳು.

ಅಂಗಡಿ ಭಾವನದು, ಎಂದರೆ ಅಕ್ಕನ ಗಂಡನದು. ಊರಿಗೆಲ್ಲ ಬಂದೂಕು ರಿಪೇರಿಯ ಪರವಾನಗಿ ಇದ್ದದ್ದು ಅದೊಂದಕ್ಕೇ. ಮುಂದಿನ ಕೋಣೆಯಲ್ಲಿ ಗಾಜಿನ ಕಪಾಟು, ಕಬ್ಬಿಣದ ತಿಜೋರಿ, ತಿಜೋರಿಯಷ್ಟೇ ಗಟ್ಟಿಮುಟ್ಟಾಗಿ ಕೂತ ಭಾವ. ಹಿಂದಿನ ಕೋಣೆಯಲ್ಲಿ ಕಿಟಕಿಗೆ ಮುಖಮಾಡಿದ ಉದ್ದನೆಯ ಬೆಂಚು, ಬೆಂಚಿನ ತುದಿಗೆ ಲೋಹವನ್ನು ಕಚ್ಚಿ ಹಿಡಿಯುವ ವೈಸು, ಗೋಡೆಗೆ ದೊಡ್ಡದರಿಂದ ಚಿಕ್ಕದಕ್ಕೆ ತೂಗುಹಾಕಿದ ಅರಗಳು, ಎಣ್ಣೆ ಕುಡಿದು ಕಪ್ಪಾದ ಬಟ್ಟೆ ಚೂರುಗಳು. ಮಧ್ಯಾಹ್ನದ ಹೊತ್ತಿಗೆ ಬಿಸಿಲು ಆ ಕಿಟಕಿಯಿಂದ ಮೆಲ್ಲಗೆ ಇಳಿದು ಬೆಂಚಿನ ಮೇಲೆ ಮೈಚಾಚುತ್ತಿತ್ತು. ಗಾಳಿಯಲ್ಲಿ ತೇಲುವ ಲೋಹದ ಧೂಳು ಆಗ ಮಿಣಮಿಣ ಎನ್ನುತ್ತಿತ್ತು. ಭೂತಗನ್ನಡಿಯ ಆಯುಷ್ಯದ ಬಹುಪಾಲು ಆ ಮಿಣುಕಿನಲ್ಲೇ ಕರಗಿತ್ತು.

ಹಳೆಯ ಬಂದೂಕು ಪಿಸ್ತೂಲುಗಳು ಯಾವ ಕಾರ್ಖಾನೆಯವು, ಯಾವ ಕಾಲದವು, ಅಸಲಿಯೋ ನಕಲಿಯೋ ಎಂದು ನೋಡಿ ಹೇಳುವುದು ಅವನ ಕೆಲಸ. ನೋಡುವ ಮೊದಲು ಅವನು ಕಣ್ಣು ಮುಚ್ಚುತ್ತಿದ್ದ. ಮಸೂರ ತೆಗೆದಿಟ್ಟು, ಹೆಬ್ಬೆರಳಿನಿಂದ ಲೋಹದ ಅಂಚನ್ನು ಸವರುತ್ತ ಸುಮ್ಮನೆ ಕೂರುತ್ತಿದ್ದ. ಸ್ವಲ್ಪ ಹೊತ್ತಿಗೆ ಕೈಗಳು ಕಾಣತೊಡಗುತ್ತಿದ್ದವು. ಎಂದೋ ಸತ್ತುಹೋದ ಯಾರದೋ ಕೈಗಳು. ಅರ ಹಿಡಿದ ಕೈ, ಅರ ಎತ್ತುವಾಗ ಒಂದಿಷ್ಟು ಎಡಕ್ಕೆ ವಾಲುವ ಕೈ, ಸಂಜೆಯ ಹೊತ್ತಿಗೆ ದಣಿದು ಭಾರವಾದ ಕೈ. ಭಾವನಿಗೆ ಮಾತ್ರ ಕಾಣುತ್ತಿದ್ದದ್ದು ತೂಕಡಿಸುವ ಭಾಮೈದ.

"ನಿದ್ದೆಗೂ ಸಂಬಳ ಕೊಡೋ ಅಂಗಡಿ ಈ ಭೂಮಿ ಮೇಲೆ ನಂದೊಂದೇ," ಎಂದು ಗಿರಾಕಿಗಳ ಮುಂದೆ ಹೇಳಿ ಭಾವ ನಗುತ್ತಿದ್ದ.

ಆ ಮುದುಕಿ ಬಂದದ್ದು ಅಂಥ ಒಂದು ತೂಕಡಿಕೆಯ ನಡುವೆ. ಬೆನ್ನು ನೆಟ್ಟಗೆ, ಕೂದಲು ಪೂರ್ತಿ ಬಿಳಿ, ಎದೆಗವಚಿಕೊಂಡ ಮರದ ಪೆಟ್ಟಿಗೆ. ಹಿಂದಿನ ಕೋಣೆಗೆ ತಾನಾಗಿಯೇ ನಡೆದು ಬಂದು ಪೆಟ್ಟಿಗೆಯನ್ನು ಬೆಂಚಿನ ಮೇಲಿಟ್ಟು ಹೇಳಿದಳು:

"ಎದ್ದೇಳಪ್ಪಾ. ಇದು ನಂದು. ಇದರ ಹಣೆಬರಹ ಏನು ಅಂತ ನೋಡಿ ಹೇಳ್ಬೇಕು."

ಪೆಟ್ಟಿಗೆಯಲ್ಲಿದ್ದದ್ದು ಸೇನೆಯ ಹಳೆಯ ಪಂದ್ಯದ ಪಿಸ್ತೂಲು. ಯುದ್ಧಕ್ಕೆಂದು ಸಾವಿರಗಟ್ಟಲೆ ತಯಾರಾಗುವ ಪಿಸ್ತೂಲುಗಳಲ್ಲಿ ಕೆಲವನ್ನು ಸೇನೆಯೇ ಹೆಕ್ಕಿ, ತನ್ನ ವಿಶೇಷ ಕಾರ್ಖಾನೆಗೆ ಕಳಿಸಿ, ಗುರಿಯ ಪಂದ್ಯಗಳಿಗಾಗಿ ಕೈಯಿಂದ ತಿದ್ದಿಸುತ್ತಿದ್ದ ಕಾಲವೊಂದಿತ್ತು. ಅಂಥವು ಈಗ ಅಪರೂಪ. ಅಪರೂಪವಾದದ್ದರಿಂದಲೇ ನಕಲಿಗಳು ಧಾರಾಳ. ಮಾಮೂಲಿ ಪಿಸ್ತೂಲಿಗೆ ಒಂದು ಒಳ್ಳೆಯ ಗುರಿಕಣ್ಣು ಕೂರಿಸಿ, ಒಂದು ಸುಳ್ಳು ಮುದ್ರೆ ಒತ್ತಿ, 'ಪಂದ್ಯದ್ದು' ಎಂದು ಮಾರುವ ಮಹಾನುಭಾವರು ಊರೂರಿಗೂ ಇದ್ದರು.

ಭೂತಗನ್ನಡಿ ಅದನ್ನು ಕೈಗೆತ್ತಿಕೊಂಡ. ಗುಂಡಿಲ್ಲವೆಂದು ನೋಡಿಕೊಂಡ. ಕಣ್ಣು ಮುಚ್ಚಿದ. ಪಿಸ್ತೂಲಿನ ಮೇಲ್ಭಾಗವನ್ನು, ಗುಂಡು ಹಾರಿದಾಗ ಹಿಂದೆ ಸರಿದು ಮುಂದೆ ಬರುವ ಆ ಭಾಗವನ್ನು ಸ್ಲೈಡ್ ಎನ್ನುತ್ತಾರೆ. ಹಿಡಿಯಿರುವ ಕೆಳಭಾಗವನ್ನು ಬಾಡಿ. ಅವನು ಸ್ಲೈಡನ್ನು ಎಳೆದು ಬಿಟ್ಟ. ಸದ್ದೇ ಇಲ್ಲ. ನಿಂತ ನೀರಿನ ಮೇಲೆ ದೋಣಿ ಸರಿದ ಹಾಗೆ ಹೋಗಿ ಬಂತು.

"ಅಸಲಿ," ಎಂದು ಕಣ್ಣು ಮುಚ್ಚಿಕೊಂಡೇ ಪಿಸುಗುಟ್ಟಿದ.

ಆಮೇಲೆ ಮಸೂರ ಸಿಕ್ಕಿಸಿಕೊಂಡು ಒಂದೊಂದನ್ನೇ ನೋಡಿದ. ಹಿಡಿಯ ಮುಂಭಾಗದಲ್ಲಿ ಬೆವರಿದ ಕೈ ಜಾರದಿರಲೆಂದು ಕೊರೆದ ಅಡ್ಡಗೆರೆ ಉದ್ದಗೆರೆಗಳು. ಅವು ಯಂತ್ರದ ಗೆರೆಗಳಲ್ಲ, ಒಂದೆರಡು ಕಡೆ ಒಂದು ಕೂದಲಷ್ಟು ತಪ್ಪಿದ ಕೈಯ ಗೆರೆಗಳು. ಕುದುರೆ, ಎಂದರೆ ಟ್ರಿಗರ್, ಒತ್ತಿದರೆ ಗಾಜಿನ ಕಡ್ಡಿ ಮುರಿದಂತೆ ಲಟಕ್ಕೆಂದು ಬಿಡುವ ಬಗೆ. ಪಂದ್ಯದ ಕಾರ್ಖಾನೆಯ ತನಿಖೆದಾರ ಒತ್ತುವ ಪುಟ್ಟ ನಕ್ಷತ್ರದ ಮುದ್ರೆ. ಅದರ ಮೇಲೂ ಹರಡಿದ ಹಳೆಯ ಬೂದು ಲೇಪ. ಎಲ್ಲ ಸರಿ. ಬಾಡಿಯ ನಂಬರಿನ ಕಡೆಯ ಅಂಕಿ ಏಳು. ಇನ್ನು ಸ್ಲೈಡಿನ ನಂಬರು, ಬಾಡಿಯದಕ್ಕೆ ಹೊಂದಬೇಕಾದದ್ದು. ಅದು ಹೊರಗೆ ಕಾಣುವುದಲ್ಲ. ಗುಂಡಿಗೆ ಹೊಡೆಯುವ ಮೊಳೆ ಕೂರುವ ಗೂಡಿನಲ್ಲಿ, ಒಂದು ತಗಡಿನ ಹಿಂದೆ ಅಡಗಿರುತ್ತದೆ. ತಗಡು ತೆಗೆದ.

ಎಂಟು.

"ಅಮ್ಮಾ," ಎಂದ, ಕನಸಿನಿಂದ ಕೆಳಗೆ ಬಿದ್ದವನಂತೆ. "ಈ ಸ್ಲೈಡ್ ಇದರದ್ದಲ್ಲ. ಯಾರೋ ಬದಲಾಯಿಸಿದ್ದಾರೆ."

ಮುದುಕಿ ಅವನನ್ನೇ ನೋಡಿದಳು. "ಅವತ್ತೂ ಇದನ್ನೇ ಹೇಳಿದ್ರು," ಎಂದಳು. "ನೀನಾದ್ರೂ ಬೇರೆ ಏನಾದ್ರೂ ಕಾಣ್ತೀಯಾ ಅಂತ ಬಂದೆ."

ನಿಂತಲ್ಲೇ, ಬೇರೆ ಯಾರದೋ ಸುದ್ದಿ ಹೇಳುವಂತೆ ಅವಳು ಹೇಳಿದ್ದಿಷ್ಟು. ಅವಳು ಸೇನೆಯ ಟೆಲಿಫೋನ್ ಕಚೇರಿಯಲ್ಲಿ ಆಪರೇಟರ್ ಆಗಿದ್ದಳು. ಪಕ್ಕದ ಕುರ್ಚಿಯಲ್ಲಿ ಅವಳ ಗೆಳತಿ. ಇಬ್ಬರೂ ಒಟ್ಟಿಗೆ ಊಟ, ಒಟ್ಟಿಗೆ ಹರಟೆ, ಸೇನೆಯ ಗುರಿ ತಂಡದಲ್ಲೂ ಒಟ್ಟಿಗೆ. ಕಾರ್ಖಾನೆಯಿಂದ ಬಂದ ಹೊಸ ಪಿಸ್ತೂಲುಗಳಲ್ಲಿ ಕಡೆಯ ಅಂಕಿ ಏಳು ಇದ್ದದ್ದು ಇವಳಿಗೆ, ಎಂಟು ಇದ್ದದ್ದು ಅವಳಿಗೆ. ದೊಡ್ಡ ಪಂದ್ಯದಲ್ಲಿ ಇವಳು ಮೊದಲನೆಯವಳು, ಗೆಳತಿ ಎರಡನೆಯವಳು. ಮೊದಲು ಬಂದವರ ಪಿಸ್ತೂಲು ಬಿಚ್ಚಿ ನೋಡುವುದು ಪಂದ್ಯ ನಡೆಸುವ ಸಂಘದ ನಿಯಮ. ಬಿಚ್ಚಿದರು. ಏಳರ ಮೈ ಮೇಲೆ ಎಂಟು ಇತ್ತು. ಕೊಟ್ಟ ಪಿಸ್ತೂಲಿನ ಭಾಗ ಬದಲಾಯಿಸಿದವರು ಪಂದ್ಯದಿಂದ ಹೊರಗೆ. ಇವಳ ಹೆಸರು ಹೊಡೆದು ಹಾಕಿದರು. ಪದಕ ಗೆಳತಿಯ ಕೊರಳಿಗೆ ಬಿತ್ತು; ಅವಳ ಪಿಸ್ತೂಲನ್ನು ಯಾರೂ ಬಿಚ್ಚಿ ನೋಡಲಿಲ್ಲ.

"ನಾನು ಮುಟ್ಟಿಲ್ಲ, ಕೈಗೆ ಬಂದ ದಿನದಿಂದ ಸ್ಲೈಡ್ ಜಾರೋ ಬಗೆ, ಇದರ ಜಾರು, ಹೀಗೇ ಇದೆ ಅಂದೆ. ಮೇಜಿನ ಆಚೆ ಕೂತಿದ್ದೋರು ನಕ್ಕರು. ಕಳ್ಳಿ ಅನ್ನೋ ಹೆಸರು ಹೊತ್ಕೊಂಡು ಆಚೆ ಬಂದೆ."

"ಮತ್ತೆ ಬದಲಾಯಿಸಿದ್ದು ಯಾರು?"

"ಇನ್ನ್ಯಾರು? ಹೊಸದಾಗಿ ಬಂದ ದಿನ ಇಬ್ರೂ ಒಂದೇ ಮೇಜಿನ ಮೇಲೆ ಬಿಚ್ಚಿ ಒರೆಸಿದ್ವಿ. ಎಂಟನೇ ನಂಬರ್ ಇದ್ದದ್ದು ಒಬ್ಬಳ ಹತ್ರಾನೇ ತಾನೇ?" ಎಂದಳು. "ಅವತ್ತಿಂದ ಅವಳ ಹತ್ರ ಮಾತು ಬಿಟ್ಟೆ. ಅವಳೂ ಆಡ್ಲಿಲ್ಲ. ಒಂದೇ ಊರಲ್ಲಿ ಇಬ್ರೂ ಮುದುಕಿಯರಾದ್ವಿ."

ಪೆಟ್ಟಿಗೆಯನ್ನು ಅವಳು ತೆಗೆದುಕೊಂಡು ಹೋಗಲಿಲ್ಲ. "ನೀನೇ ಇಟ್ಕೋ. ಇನ್ನೊಂದ್ಸಲ ಅದನ್ನ ಮನೆಗೆ ಹೊರೋ ಶಕ್ತಿ ಇಲ್ಲ," ಎಂದು ಬಾಗಿಲು ದಾಟಿದಳು. ಭಾವ ಒಂದು ಚೀಟಿ ಕಟ್ಟಿ ಪೆಟ್ಟಿಗೆಯನ್ನು ತಿಜೋರಿಗೆ ಸೇರಿಸಿದ.

ಆಮೇಲಿನ ದಿನಗಳಲ್ಲಿ ಭೂತಗನ್ನಡಿಯ ಮಧ್ಯಾಹ್ನಗಳು ಕಲಕಿದ ನೀರಿನಂತಾದವು. ಬೇರೆ ಬಂದೂಕು ಕೈಗೆತ್ತಿಕೊಂಡರೂ ಆ ಜಾರು ಬೆರಳಿನಲ್ಲಿ ಉಳಿದುಬಿಟ್ಟಿತ್ತು. ಕೈ ಅಸಲಿ ಎನ್ನುತ್ತಿತ್ತು, ಅಂಕಿ ಅಲ್ಲ ಎನ್ನುತ್ತಿತ್ತು. ಅವನ ಕಸುಬಿನಲ್ಲಿ ಕೈಗಿಂತ ಅಂಕಿ ದೊಡ್ಡದು. ಅಂಕಿ ಹೊಂದದಿದ್ದರೆ ಕಲಸುಮೇಲೋಗರ ಎಂದು ಬದಿಗಿಡಬೇಕು. ಅವನಿಗೆ ಕಲಿಸಿದವರೂ ಅದನ್ನೇ ಹೇಳಿದ್ದರು, ಅವರಿಗೆ ಕಲಿಸಿದವರೂ ಅದನ್ನೇ. ಎಷ್ಟು ಮಂದಿ ಕಣ್ಣುಬಿಟ್ಟುಕೊಂಡು ಅಂಕಿ ಓದಿ, ಎದುರಿಗಿದ್ದ ಮನುಷ್ಯರನ್ನು ಓದದೆ ಎದ್ದುಹೋದರೋ.

ಮರದ ಎಲೆಗಳೆಲ್ಲ ಉದುರಿ ಕಿಟಕಿಗೆ ಬೆಳಕು ಹೆಚ್ಚಾದ ಮೇಲೆ ಒಬ್ಬ ಹೆಂಗಸು ಬಂದಳು. ನಡುವಯಸ್ಸು, ಕೈಯಲ್ಲಿ ಅಂಥದೇ ಮರದ ಪೆಟ್ಟಿಗೆ. ಭೂತಗನ್ನಡಿ ಬೆಂಚಿನ ಮೇಲೆ ಜಾಗ ಮಾಡಿಕೊಟ್ಟ.

"ನಮ್ಮಮ್ಮಂದು," ಎಂದಳು. "ಅಮ್ಮ ತೀರ್ಕೊಂಡ್ರು. ಹೋಗೋ ಮುಂಚೆ ಒಂದು ಮಾತು ಹೇಳಿದ್ರು. ಇದರ ಮೇಲ್ಭಾಗ ನಂದಲ್ಲ, ಅವಳದು, ಬಿಚ್ಚಿ ಅವಳಿಗೆ ಕೊಟ್ಟುಬಿಡು ಅಂತ. ಅವಳು ಅಂದ್ರೆ ಯಾರು ಅಂತ ನಂಗೆ ಗೊತ್ತು. ಮನೆಗೆ ಹೋಗೋಕೆ ಧೈರ್ಯ ಬರ್ಲಿಲ್ಲ. ನಿಮ್ಮಲ್ಲೇ ಬಿಚ್ಚಿಸ್ಕೊಂಡು ಹೋಗೋಣ ಅಂತ ಬಂದೆ."

ಬಾಡಿಯ ಅಂಕಿ ಎಂಟು. ಭೂತಗನ್ನಡಿ ತಗಡು ತೆಗೆದ. ಒಳಗೆ ಏಳು.

ಮುಂದಿನ ಕೋಣೆಯಿಂದ ಭಾವ ಓಡಿಯೇ ಬಂದ. "ಬೇರೆಯಾದ ಜೋಡಿ ಮತ್ತೆ ಸೇರಿತು ಅನ್ನು! ಏಳಕ್ಕೆ ಏಳು, ಎಂಟಕ್ಕೆ ಎಂಟು. ಎರಡೂ ಚೊಕ್ಕ ಚಿನ್ನ ಆಗೋಯ್ತು ಭಾಮೈದಾ! ಕೂರಿಸು, ಕೂರಿಸು."

ಭೂತಗನ್ನಡಿಗೂ ಅದೇ ಆಸೆ. ಮುದುಕಿಯ ಪೆಟ್ಟಿಗೆ ತಿಜೋರಿಯಿಂದ ಹೊರಬಂತು. ಎರಡನ್ನೂ ಬಿಚ್ಚಿ ಪಕ್ಕಪಕ್ಕ ಇಟ್ಟ. ದೂರವಾಗಿದ್ದವರನ್ನು ಮನೆ ಸೇರಿಸುವ ಸಡಗರದಲ್ಲಿ ಏಳರ ಸ್ಲೈಡನ್ನು ಏಳರ ಬಾಡಿಯ ಹಳಿಗೆ ತಂದು ಸರಿಸಿದ.

ಅರ್ಧಕ್ಕೆ ನಿಂತಿತು. ಹಿಂದಕ್ಕೂ ಬರಲಿಲ್ಲ, ಮುಂದಕ್ಕೂ ಹೋಗಲಿಲ್ಲ.

"ಒತ್ತು," ಎಂದ ಭಾವ.

ಅವನು ಒತ್ತಲಿಲ್ಲ. ಎಣ್ಣೆ ಬಿಟ್ಟು, ಮರದ ಸುತ್ತಿಗೆಯಿಂದ ಮಗುವಿನ ಬೆನ್ನು ತಟ್ಟುವಂತೆ ತಟ್ಟಿ ತಟ್ಟಿ ಬಿಡಿಸಿದ. ಎಂಟರ ಸ್ಲೈಡನ್ನು ಎಂಟರ ಬಾಡಿಗೆ ಹಾಕಿ ನೋಡಿದ. ಅದು ಹೋಯಿತು, ಹೋಗಿ, ಸಡಿಲ ಹಲ್ಲಿನಂತೆ ಗಡಗಡ ಅಲ್ಲಾಡಿತು. ಗುರಿಯ ಪಿಸ್ತೂಲು ಹಾಗೆ ಅಲ್ಲಾಡಿದರೆ ಅದು ಗುರಿಯ ಪಿಸ್ತೂಲೇ ಅಲ್ಲ.

"ಹಳೇದಾಯ್ತಲ್ಲ, ಸವೆದಿದೆ," ಎಂದು ಭಾವ ಮುಂದಿನ ಕೋಣೆಗೆ ಹೋದ. ಮಗಳು ಆಮೇಲೆ ಬರುತ್ತೇನೆಂದು ಹೊರಟಳು.

ಭೂತಗನ್ನಡಿ ಒಬ್ಬನೇ ಉಳಿದ. ಬಿಸಿಲು ಬೆಂಚಿನ ಮೇಲೆ ಮೈಚಾಚಿತ್ತು. ಅವನು ಮಸೂರ ತೆಗೆದಿಟ್ಟು, ಎರಡು ಬಾಡಿಗಳ ಹಳಿಗಳ ಮೇಲೆ ಎರಡು ಹೆಬ್ಬೆರಳು ಇಟ್ಟು, ಕಣ್ಣು ಮುಚ್ಚಿದ.

ಉದ್ದನೆಯ ಕಾರ್ಖಾನೆಯ ಕೋಣೆ. ಎತ್ತರದ ಕಿಟಕಿಗಳು. ಊಟವಾದ ಮೇಲಿನ ಹೊತ್ತು, ಎಲ್ಲರ ರೆಪ್ಪೆಯೂ ಭಾರ. ಅಕ್ಕಪಕ್ಕದ ಬೆಂಚಿನಲ್ಲಿ ಇಬ್ಬರು ಕೆಲಸಗಾರರು. ನಡುವೆ ಒಂದು ತಟ್ಟೆ, ತಟ್ಟೆಯಲ್ಲಿ ಬಿಚ್ಚಿಟ್ಟ ಭಾಗಗಳು. ಒಬ್ಬ ಏನೋ ಹೇಳುತ್ತಿದ್ದಾನೆ, ಇನ್ನೊಬ್ಬ ನಗುತ್ತಿದ್ದಾನೆ. ನಗುತ್ತಲೇ ಕೈಚಾಚಿ ತಟ್ಟೆಯಿಂದ ಒಂದು ಸ್ಲೈಡ್ ಎತ್ತಿಕೊಳ್ಳುತ್ತಾನೆ. ಮಿಕ್ಕದ್ದನ್ನು ಮತ್ತೊಬ್ಬ. ನೋಡಿಕೊಳ್ಳುವುದಿಲ್ಲ. ಸ್ಲೈಡನ್ನು ಬಿಗಿ ಮಾಡಿ, ಹಳಿಗೆ ಉಜ್ಜುವ ಪೇಸ್ಟ್ ಹಚ್ಚಿ, ಹಿಂದೆ ಮುಂದೆ, ಹಿಂದೆ ಮುಂದೆ. ಒಂದು ಮೈ ಇನ್ನೊಂದು ಮೈಗೆ ಒಗ್ಗುವ ತನಕ. ದಿನ ಕಳೆಯುತ್ತದೆ. ಬಿಸಿಲು ಗೋಡೆಯಿಂದ ಗೋಡೆಗೆ ನಡೆಯುತ್ತದೆ. ಕೊನೆಗೆ ತನಿಖೆದಾರ ಬರುತ್ತಾನೆ. ಸ್ಲೈಡ್ ಎಳೆದು ಬಿಡುತ್ತಾನೆ; ನಿಂತ ನೀರಿನ ಮೇಲೆ ದೋಣಿ. ಭೇಷ್ ಎನ್ನುತ್ತಾನೆ. ತಗಡು ತೆಗೆದು ನಂಬರು ನೋಡುವ ಗೋಜಿಗೆ ಹೋಗದೆ ನಕ್ಷತ್ರ ಒತ್ತುತ್ತಾನೆ. ಮುದ್ರೆ ಒತ್ತುವುದು ಯಾವತ್ತೂ ನೋಡುವುದಕ್ಕಿಂತ ಸುಲಭದ ಕೆಲಸ.

ಭೂತಗನ್ನಡಿ ಕಣ್ಣು ಬಿಟ್ಟ. ಏಳರ ಬಾಡಿಗೆ ಎಂಟರ ಸ್ಲೈಡ್ ಹಾಕಿದ. ಸದ್ದಿಲ್ಲದೆ ಸರಿಯಿತು. ಎಂಟರ ಬಾಡಿಗೆ ಏಳರ ಸ್ಲೈಡ್. ಅದೂ ಸದ್ದಿಲ್ಲದೆ ಸರಿಯಿತು.

ಕನಸನ್ನು ನಂಬಿ ತೀರ್ಪು ಕೊಡುವಂತಿಲ್ಲ. ಮಸೂರ ಸಿಕ್ಕಿಸಿಕೊಂಡು ಹುಡುಕಿದ. ಏಳರ ಹಳಿಯ ಮೇಲೆ ಕೂದಲೆಳೆಯಂಥ ಒಂದು ಗೀರಿತ್ತು. ಪೇಸ್ಟಿನಲ್ಲಿದ್ದ ಯಾವುದೋ ಒರಟು ಹರಳು ಎಳೆದ ಗೀರು. ಅದೇ ಗೀರು, ಅದೇ ಜಾಗದಲ್ಲಿ, ಎಂಟರ ಸ್ಲೈಡಿನ ಒಳಗೂ ಇತ್ತು. ಬೂದು ಲೇಪ ಎರಡನ್ನೂ ಮುಚ್ಚಿಕೊಂಡಿತ್ತು. ಲೇಪ ಹಾಕುವುದು ಕಾರ್ಖಾನೆಯಲ್ಲೇ, ಎಲ್ಲ ಮುಗಿದ ಮೇಲೆ. ಅಂದರೆ ಆ ಇಬ್ಬರು ಹೆಂಗಸರು ಈ ಪಿಸ್ತೂಲುಗಳನ್ನು ಕಣ್ಣಿಂದ ನೋಡುವ ಮೊದಲೇ ಇವು ಅದಲುಬದಲಾಗಿದ್ದವು. ಬದಲಾದದ್ದೇ ಇವುಗಳ ಅಸಲಿತನ.

ಅವನು ಭಾವನಿಗೆ ಹೇಳಿದ. ಭಾವ ಎಲ್ಲ ಕೇಳಿಸಿಕೊಂಡು, ಗಲ್ಲ ಕೆರೆದುಕೊಂಡು, ತಗ್ಗಿದ ದನಿಯಲ್ಲಿ ಹೇಳಿದ:

"ಸರಿ ಕಣೋ, ನೀನು ಜಾಣ. ಈಗ ನಾನು ಹೇಳೋದು ಕೇಳು. ಅಲ್ಲಾಡೋದನ್ನ ಸ್ವಲ್ಪ ಬಡಿದು ಬಿಗಿ ಮಾಡು. ಕೂರದೇ ಇರೋದನ್ನ ಸ್ವಲ್ಪ ತೇಯಿ. ಏಳಕ್ಕೆ ಏಳು, ಎಂಟಕ್ಕೆ ಎಂಟು ಕೂತ್ಕೊಳ್ಳುತ್ತೆ. ಆ ಮಗಳಿಗೂ ಅದೇ ಬೇಕು, ಅವಳಮ್ಮನ ಆಸೆಯೂ ಅದೇ, ಕೊಳ್ಳೋನಿಗೂ ಅದೇ ಬೇಕು. ಬೇಡ ಅನ್ನೋನು ಭೂಮಿ ಮೇಲೆ ನೀನೊಬ್ಬನೇ."

"ಆ ಮುದುಕಮ್ಮ ಕಳ್ಳಿ ಅಲ್ಲ ಅನ್ನೋದಕ್ಕೆ ಇರೋದು ಇದೊಂದೇ ಸಾಕ್ಷಿ, ಭಾವ. ಸಾಕ್ಷೀನೇ ಅರ ಹಾಕಿ ಉಜ್ಜು ಅಂತೀರಾ?"

"ಅಲ್ವೋ, ಆ ಸಂಘದೋರು ನಮ್ಮ ದೊಡ್ಡ ಗಿರಾಕಿಗಳು. ಅವರು ಅವತ್ತು ಕೊಟ್ಟ ತೀರ್ಪು ತಪ್ಪು ಅಂತ ನೀನು ಹೇಳ್ತೀಯಾ?"

"ನಾನೂ ಅದೇ ತಪ್ಪು ತೀರ್ಪು ಕೊಟ್ಟೆನಲ್ಲ. ನಂದು ತಪ್ಪು ಅಂದ್ಮೇಲೆ ಅವರದ್ದೂ ತಪ್ಪೇ."

ಭಾವ ಕೈಯೆತ್ತಿ ಕಪಾಳಕ್ಕೆ ಬಿಡುವವನಂತೆ ಮಾಡಿ, ಆ ಕೈಯಿಂದ ತನ್ನ ತಲೆಯನ್ನೇ ಸವರಿಕೊಂಡ. "ನಿಮ್ಮಕ್ಕನೂ ಹೀಗೇ," ಎಂದಷ್ಟೇ ಗೊಣಗಿದ.

ಭೂತಗನ್ನಡಿ ಮುದುಕಿಗೆ ಫೋನು ಮಾಡಿದ. ಆ ಕಡೆಯಿಂದ ಬಂದ ದನಿ ಎಷ್ಟು ತಿಳಿಯಾಗಿತ್ತೆಂದರೆ, ನಂಬರು ತಪ್ಪಿ ಹಳೆಯ ಕಾಲಕ್ಕೆ ಹೋಗಿಬಿಟ್ಟೆನೋ ಎನ್ನಿಸಿತು ಅವನಿಗೆ.

"ಅಮ್ಮಾ, ನಾನು ಅವತ್ತು ಹೇಳಿದ್ದು ತಪ್ಪು. ನೀವು ಹೇಳಿದ ಜಾರೇ ಸರಿ."

ಅವನು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದ.

"ಲೈನಲ್ಲಿ ಇದ್ದೀರಾ?"

"ಇದ್ದೀನಿ. ಹೇಳ್ತಾ ಹೋಗು. ನಡುವೆ ಫೋನ್ ಇಡಬೇಡ."

ಮಾರನೆಯ ಮಧ್ಯಾಹ್ನ ಬೆಂಚಿನ ಮುಂದೆ ಎರಡು ಕುರ್ಚಿ ಹಾಕಿದ್ದರು. ಮುದುಕಿ ಬಂದಾಗ ಒಂದರಲ್ಲಿ ಗೆಳತಿಯ ಮಗಳು ಕೂತಿದ್ದಳು. ಮುದುಕಿ ಅವಳ ಮುಖ ನೋಡಿ ಒಂದು ಕ್ಷಣ ತಡೆದಳು. ಆಮೇಲೆ ಪಕ್ಕದಲ್ಲಿ ಕೂತಳು. ಭೂತಗನ್ನಡಿ ಏನೂ ವಿವರಿಸಲಿಲ್ಲ. ಬಿಚ್ಚಿಟ್ಟ ನಾಲ್ಕು ಭಾಗಗಳನ್ನು ಅವಳ ಮುಂದಿಟ್ಟು, "ನೀವೇ ಸೇರಿಸಿ" ಎಂದ.

ಗಂಟುಗಟ್ಟಿದ ಬೆರಳುಗಳು ಏಳಕ್ಕೆ ಏಳನ್ನು ಸರಿಸಿದವು. ನಿಂತಿತು. ಎಂಟಕ್ಕೆ ಎಂಟನ್ನು ಸರಿಸಿದವು. ಗಡಗಡ ಎಂದಿತು. ಅವಳು ಅವೆರಡನ್ನೂ ಬಿಡಿಸಿ, ತನ್ನ ಏಳಕ್ಕೆ ಎಂಟನ್ನು ಹಾಕಿದಳು. ಹಿಂದೆ, ಮುಂದೆ. ಮತ್ತೆ ಹಿಂದೆ, ಮುಂದೆ. ಕಣ್ಣು ಮುಚ್ಚಿಕೊಂಡಳು. ಬಿಸಿಲು ಅವಳ ಕೈಗಳ ಮೇಲೆ ಬಂದು ಕೂತಿತು. ಅವಳು ಎಲ್ಲೋ ದೂರದ ಬಯಲಲ್ಲಿ, ಗಾಳಿ ನಿಂತ ಬೆಳಗಿನಲ್ಲಿ, ಪಕ್ಕದ ಗೆಳತಿಯ ಉಸಿರು ಕೇಳಿಸುವಷ್ಟು ಹತ್ತಿರದಲ್ಲಿ ನಿಂತಂತಿತ್ತು.

"ಯಾರು ಮಾಡಿದ್ದು ಇದನ್ನ?" ಎಂದಳು ಕಣ್ಣು ತೆರೆಯದೆ.

"ಕಾರ್ಖಾನೆಯಲ್ಲಿ ಅಕ್ಕಪಕ್ಕ ಕೂತಿದ್ದ ಇಬ್ಬರು, ಅಮ್ಮ. ಮಾತಿನ ಭರದಲ್ಲಿ ಕೈ ತಪ್ಪಿದೆ. ಕೆಲಸ ಮಾತ್ರ ಬಂಗಾರದಂಥದ್ದು."

"ಮಾತಿನ ಭರದಲ್ಲಿ!" ಮುದುಕಿಗೆ ನಗು ಬಂತು. "ಒಳ್ಳೇ ಹರಟೇನೇ ಇದ್ದಿರಬೇಕು. ನಾವೂ ಹಾಗೇ, ಯಾರಿಗೋ ಬಂದ ಕರೆ ಇನ್ಯಾರಿಗೋ ಕೊಟ್ಟುಬಿಡ್ತಿದ್ವಿ." ನಗು ಹಾಗೆಯೇ ಬತ್ತಿತು. "ಅಂದ್ರೆ ಅವಳು ಮಾಡಿಲ್ಲ."

"ಅಮ್ಮ ಮಾಡಿಲ್ಲ," ಎಂದಳು ಮಗಳು ಅವಸರದಿಂದ. "ನೀವೇ ಅವರದ್ದನ್ನ ಬದಲಾಯಿಸಿದ್ದು ಅಂತ ಅಮ್ಮ ಅಂದ್ಕೊಂಡಿದ್ರು. ಪಂದ್ಯ ಆದ್ಮೇಲೆ ಮನೇಲಿ ಬಿಚ್ಚಿ ನೋಡಿದ್ರಂತೆ. ಏಳು ಕಾಣಿಸ್ತಂತೆ."

"ನೋಡಿದ್ಲಾ?" ಮುದುಕಿ ಪಿಸ್ತೂಲನ್ನು ಕೆಳಗಿಟ್ಟಳು. "ಹಾಗಾದ್ರೆ ತನ್ನದೂ ಹೊಂದಿಲ್ಲ ಅಂತ ಅವಳಿಗೆ ಗೊತ್ತಿತ್ತು. ಸಂಘದೋರ ಮುಂದೆ ಇಟ್ಟಿದ್ರೆ ಎರಡನ್ನೂ ಕಾರ್ಖಾನೆಗೆ ಕಳಿಸ್ತಿದ್ರು. ಅವತ್ತೇ ಬಯಲಾಗ್ತಿತ್ತು."

"ಹೇಳಿದ್ರೆ ಪದಕ ಹೋಗ್ತಿತ್ತು," ಎಂದಳು ಮಗಳು. ತಲೆ ತಗ್ಗಿಸಿದ್ದಳು.

"ಮಾಡಿಲ್ಲ," ಎಂದಳು ಮುದುಕಿ. "ಹೇಳಲೂ ಇಲ್ಲ."

ಅವಳ ದನಿಯಲ್ಲಿ ಕಣ್ಣೀರಿರಲಿಲ್ಲ. ಸತ್ತವರನ್ನು ಕ್ಷಮಿಸಿ ದೊಡ್ಡವರಾಗಿಬಿಡುವ ಅವಸರವೂ ಇರಲಿಲ್ಲ. ಎರಡು ಮಾತು, ಒಂದರ ಪಕ್ಕ ಒಂದು, ಎರಡೂ ನಿಜ. ಭೂತಗನ್ನಡಿಗೆ ಅವೆರಡನ್ನೂ ತೇಯ್ದು ಒಂದಾಗಿಸುವ ಮನಸ್ಸಾಗಲಿಲ್ಲ.

ಮಗಳು ಕೈಚೀಲದಿಂದ ಬಟ್ಟೆಯಲ್ಲಿ ಸುತ್ತಿದ್ದ ಪದಕವನ್ನು ತೆಗೆದಳು. "ಇದು ನಿಮಗೆ..."

"ನಂದೇ. ಕೊಡು," ಎಂದು ಮುದುಕಿ ಅದನ್ನು ತೆಗೆದುಕೊಂಡು ಸೆರಗಿನಿಂದ ಒರೆಸಿದಳು. ಬೇಡ ಎನ್ನಲಿಲ್ಲ, ಇರಲಿ ಎನ್ನಲಿಲ್ಲ. "ನಿಮ್ಮಮ್ಮನ ಪಿಸ್ತೂಲು ನಿನ್ನ ಹತ್ರಾನೇ ಇರ್ಲಿ. ಅದರ ಮೇಲ್ಭಾಗ ಅದರದ್ದೇ. ಯಾರು ಹೇಳಿದ್ರೂ ಬದಲಾಯಿಸಬೇಡ." ಆಮೇಲೆ ಭೂತಗನ್ನಡಿಯತ್ತ ತಿರುಗಿದಳು. "ಸಂಘದ ಕಚೇರಿ ಈಗ ತೆರೆದಿರುತ್ತಾ?"

ಭಾವ ಬಾಗಿಲಲ್ಲಿ ನಿಂತಿದ್ದ. "ನಾಳೆ ಹೋದ್ರಾಗಲ್ವಾ, ಅಮ್ಮಾ? ನಿಧಾನಕ್ಕೆ ಯೋಚನೆ ಮಾಡಿ..."

"ನನಗೆ ಎಂಬತ್ತಾಯ್ತು ಕಣಯ್ಯಾ. ನಿಧಾನ ಎಲ್ಲಾ ಮುಗೀತು."

ಭೂತಗನ್ನಡಿ ಎರಡೂ ಪಿಸ್ತೂಲುಗಳನ್ನು ಅವವುಗಳ ಪೆಟ್ಟಿಗೆಗೆ ಹಾಕಿ ಎದ್ದ. "ನಾನು ಬರ್ತೀನಮ್ಮ. ನಂಗೆ ಕಂಡದ್ದನ್ನ ನಾನೇ ಅವರ ಮುಂದೆ ಹೇಳ್ತೀನಿ."

ಭಾವ ಗೋಡೆಯ ಮೊಳೆಯಿಂದ ಕಾರಿನ ಬೀಗದ ಕೈ ತೆಗೆದು, "ಇಷ್ಟು ಭಾರ ಹೊತ್ಕೊಂಡು ನಡ್ಕೊಂಡು ಹೋಗ್ತೀರಾ? ಕೂತ್ಕೊಳ್ಳಿ," ಎಂದು ರೇಗಿದ.

ಮುದುಕಿ ಬಾಗಿಲ ತನಕ ಹೋಗಿ ಹಿಂದೆ ನೋಡಿದಳು. ಮಗಳು ಇನ್ನೂ ಕುರ್ಚಿಯಲ್ಲೇ ಇದ್ದಳು.

"ನೀನ್ಯಾಕೆ ಕೂತೆ? ಏಳು. ನಿಮ್ಮಮ್ಮ ಹೇಳದೇ ಹೋದದ್ದನ್ನ ನೀನು ಬಂದು ಹೇಳು."

ಮಗಳು ಎದ್ದಳು. ಮಗುವಾಗಿದ್ದಾಗ ಈ ಮುದುಕಿಯನ್ನು ಕರೆಯಲೆಂದು ಮನೆಯಲ್ಲಿ ಕಲಿಸಿ, ಆಮೇಲೆ ನಾಲಗೆಯ ಮೇಲೆ ಬರಬಾರದೆಂದು ಬಿಡಿಸಿದ್ದ ಹೆಸರು ಅವಳ ಬಾಯಿಗೆ ತಾನಾಗಿ ಬಂತು.

"ಹೇಳ್ತೀನಿ, ದೊಡ್ಡಮ್ಮಾ."